ಸ್ವಾಗತದ ಮೇಜಿನ ಬಳಿ ನಿಲ್ಲುವವರು

ಹೆಸರಿನ ಬ್ಯಾಡ್ಜ್‌ಗಳನ್ನು ಅಕಾರಾದಿ ಕ್ರಮದಲ್ಲಿ ಜೋಡಿಸುವುದರಿಂದ ನನ್ನ ವೃತ್ತಿಜೀವನ ಆರಂಭವಾಯಿತು. ಪತ್ರಿಕಾಗೋಷ್ಠಿಗೆ ಎರಡು ಗಂಟೆ ಮೊದಲೇ ಸಭಾಂಗಣದ ಬಾಗಿಲ ಬಳಿ ಉದ್ದನೆಯ ಮೇಜು ಹಾಕಿಸಿ, ಬಿಳಿ ಬಟ್ಟೆ ಹಾಸಿ, ಒಂದು ಕಡೆ ಪತ್ರಿಕಾ ಪ್ರಕಟಣೆಯ ಫೋಲ್ಡರ್‌ಗಳನ್ನೂ ಇನ್ನೊಂದು ಕಡೆ ಬ್ಯಾಡ್ಜ್‌ಗಳನ್ನೂ ನಡುವೆ ರಿಜಿಸ್ಟರನ್ನೂ ಇಟ್ಟುಕೊಂಡು ನಾವು ಮೂವರು ಹುಡುಗಿಯರು ನಿಲ್ಲುತ್ತಿದ್ದೆವು. ನಮ್ಮ ಜೊತೆಯಲ್ಲೇ, ಅದೇ ತಿಂಗಳು, ಅದೇ ಹುದ್ದೆಗೆ ಸೇರಿದ್ದ ಹುಡುಗನೊಬ್ಬ ಒಳಗಿನ ಕೋಣೆಯಲ್ಲಿ ಕ್ಲೈಂಟ್ ಸಂಸ್ಥೆಯ ಮುಖ್ಯಸ್ಥರ ಪಕ್ಕ ಕುಳಿತು, ಅವರಿಗೆ ಎದುರಾಗಬಹುದಾದ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದ. ಆ ಪ್ರಶ್ನೆಗಳ ಪಟ್ಟಿಯನ್ನು ಹಿಂದಿನ ರಾತ್ರಿ ಕೂತು ಬರೆದವಳು ನಾನು.

ಅವನ ಮೇಲೆ ನನಗೆ ಆಗಲೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಒಳಗೆ ಯಾರು ಕೂರಬೇಕು, ಹೊರಗೆ ಯಾರು ನಿಲ್ಲಬೇಕು ಎಂದು ನಾವು ಯಾರೂ ಕೇಳಿರಲಿಲ್ಲ. ಹೇಳಿದವರಿಗೂ ಅದೊಂದು ತೀರ್ಮಾನ ಎಂದು ಅನ್ನಿಸಿರಲಿಲ್ಲ. "ನೀವು ಹೆಣ್ಣುಮಕ್ಕಳು ಬಾಗಿಲಲ್ಲಿ ನಿಂತರೆ ಕಾರ್ಯಕ್ರಮಕ್ಕೇ ಒಂದು ಕಳೆ" ಎಂದು ನಮ್ಮ ಮೇಲಧಿಕಾರಿಗಳು ನಿಜವಾದ ಮೆಚ್ಚುಗೆಯಿಂದಲೇ ಹೇಳಿದ್ದರು. ಹದಿನೆಂಟು ವರ್ಷ ಸಾರ್ವಜನಿಕ ಸಂಪರ್ಕದ ಏಜೆನ್ಸಿಗಳಲ್ಲಿ ದುಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಇದು: ಈ ವೃತ್ತಿಯಲ್ಲಿ ಹೆಣ್ಣಿಗೆ ಆಗುವ ಅನ್ಯಾಯದ ಬಹುಪಾಲು ಹೊಗಳಿಕೆಯ ರೂಪದಲ್ಲಿಯೇ ಬರುತ್ತದೆ. ನಿನಗೆ ತಾಳ್ಮೆ ಇದೆ, ನೀನು ಎಲ್ಲರೊಂದಿಗೆ ಬೆರೆಯುತ್ತೀಯ, ನೀನು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ಎಂಬ ಮಾತುಗಳೆಲ್ಲ ಕಲಿತು ಗಳಿಸಿದ ಕೌಶಲವನ್ನು ಹುಟ್ಟುಗುಣವೆಂದು ಕರೆಯುತ್ತವೆ. ಹುಟ್ಟುಗುಣಕ್ಕೆ ಸಂಬಳ ಕೊಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ, ಬಡ್ತಿ ಕೊಡಬೇಕೆಂದಂತೂ ಇಲ್ಲವೇ ಇಲ್ಲ.

ಆ ಮೇಜಿನ ಬಳಿ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅಲ್ಲಿ ಕಾಣುವುದು ನಗುಮುಖ ಮಾತ್ರ. ಹಿರಿಯ ವರದಿಗಾರರೊಬ್ಬರು ಬಂದು, ಫೋಲ್ಡರನ್ನು ಮುಟ್ಟದೆ, ವೇದಿಕೆಯ ಮೇಲೆ ಯಾರ್‍ಯಾರು ಇರುತ್ತಾರೆ ಎಂದಷ್ಟೇ ಕೇಳುತ್ತಾರೆ; ನಾವು ಕೊಡುತ್ತಿರುವ ಸುದ್ದಿ ಅವರಿಗೆ ಬೇಕಾಗಿಲ್ಲ, ಅವರು ಬೇರೆಯದನ್ನೇ ಹುಡುಕಿಕೊಂಡು ಬಂದಿದ್ದಾರೆ ಎಂದು ಅಲ್ಲಿಗೆ ಗೊತ್ತಾಗುತ್ತದೆ. ವಾಣಿಜ್ಯ ಪುಟದ ವರದಿಗಾರ್ತಿ ನಿಂತಲ್ಲೇ ಫೋಲ್ಡರ್ ತೆರೆದು ನೇರವಾಗಿ ಕೊನೆಯ ಪುಟದ ಲೆಕ್ಕಪತ್ರಕ್ಕೆ ಹೋಗುತ್ತಾರೆ. ಮತ್ತೊಬ್ಬರು ಇಪ್ಪತ್ತು ನಿಮಿಷದಲ್ಲಿ ಸುದ್ದಿ ಕಳಿಸಬೇಕಾಗಿದೆ ಎಂದು ಗಡಿಯಾರ ನೋಡುತ್ತಾರೆ. ಕಳೆದ ಸಲದ ಕಾರ್ಯಕ್ರಮದಲ್ಲಿ ತಮ್ಮ ಪ್ರಶ್ನೆಗೆ ಅವಕಾಶ ಸಿಗದೆ ಮುನಿಸಿಕೊಂಡು ಹೋಗಿದ್ದವರು ಈ ಸಲ ಬಂದಿದ್ದಾರೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಮೈಯೆಲ್ಲ ಕಿವಿಯಾಗಿ ಇವೆಲ್ಲವನ್ನೂ ಕೇಳಿಸಿಕೊಳ್ಳುತ್ತ, ಒಬ್ಬೊಬ್ಬರಿಗೂ ಅವರವರಿಗೆ ಬೇಕಾದ ಒಂದು ಮಾತನ್ನು ಹೇಳುತ್ತ, ನಡುವೆ ಒಂದು ಚೀಟಿ ಬರೆದು ಒಳಗೆ ಕಳಿಸಿದ ದಿನವೊಂದು ನನಗೆ ಚೆನ್ನಾಗಿ ನೆನಪಿದೆ. "ಎರಡನೇ ಸಾಲು, ಎಡಗಡೆ. ಕೆಲಸದಿಂದ ತೆಗೆದವರ ಸಂಖ್ಯೆ ಕೇಳುತ್ತಾರೆ" ಎಂದು ಬರೆದಿದ್ದೆ. ಪ್ರಶ್ನೆ ಹಾಗೆಯೇ ಬಂತು, ಮುಖ್ಯಸ್ಥರು ತಡವರಿಸದೆ ಉತ್ತರಿಸಿದರು. ಹಿಂದಿರುಗುವ ದಾರಿಯಲ್ಲಿ ಕಾರಿನಲ್ಲಿದ್ದವರೆಲ್ಲರೂ ಒಳಗೆ ಕುಳಿತಿದ್ದ ಹುಡುಗನ ಪೂರ್ವಸಿದ್ಧತೆಯನ್ನು ಹೊಗಳಿದರು. ಮುಂದಿನ ಕಾರ್ಯಕ್ರಮಕ್ಕೂ ಅವನನ್ನೇ ಒಳಗೆ ಕೂರಿಸಿದರು, ನಮ್ಮನ್ನು ಮೇಜಿನ ಬಳಿ ನಿಲ್ಲಿಸಿದರು.

ಏಜೆನ್ಸಿಯ ವ್ಯವಹಾರ ನಡೆಯುವುದು ಗಂಟೆಗಳ ಲೆಕ್ಕದಲ್ಲಿ. ಯಾವ ಕ್ಲೈಂಟ್‌ಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಎಂದು ಪ್ರತಿದಿನ ಟೈಮ್‌ಶೀಟ್‌ನಲ್ಲಿ ತುಂಬಬೇಕು. ಅದರ ಆಧಾರದ ಮೇಲೆ ಬಿಲ್ಲು ಹೋಗುತ್ತದೆ, ವರ್ಷದ ಕೊನೆಗೆ ಯಾರು ಎಷ್ಟು ಸಂಪಾದಿಸಿಕೊಟ್ಟರು ಎಂಬುದೂ ಅದರಿಂದಲೇ ನಿರ್ಧಾರವಾಗುತ್ತದೆ. ಅಲ್ಲಿ ಪ್ರಕಟಣೆ ಬರೆಯುವುದಕ್ಕೆ ಒಂದು ಕೋಡ್ ಇದೆ, ಕಾರ್ಯತಂತ್ರ ರೂಪಿಸುವುದಕ್ಕೆ ಇದೆ, ಸಭೆಗೆ ಇದೆ. ತಪ್ಪು ಶೀರ್ಷಿಕೆ ಬಂತೆಂದು ಬೆಳಗ್ಗೆ ಆರಕ್ಕೆ ಫೋನು ಮಾಡಿ ಕೂಗಾಡುವ ಕ್ಲೈಂಟ್‌ನ ಸಿಟ್ಟು ಇಳಿಯುವವರೆಗೆ ಕೇಳಿಸಿಕೊಳ್ಳುವುದಕ್ಕೆ ಕೋಡ್ ಇಲ್ಲ. ಮುನಿಸಿಕೊಂಡ ವರದಿಗಾರರನ್ನು ಆರು ತಿಂಗಳ ಕಾಲ ಸಣ್ಣ ಸಣ್ಣ ಮಾತಿನಿಂದ ಮತ್ತೆ ಹತ್ತಿರ ತರುವುದಕ್ಕೆ ಇಲ್ಲ. ಕಚೇರಿಯಲ್ಲಿ ಯಾರೋ ಅತ್ತರೆ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುವುದಕ್ಕೆ, ಹೊಸದಾಗಿ ಬಂದವರಿಗೆ ಕೆಲಸ ಹೇಳಿಕೊಡುವುದಕ್ಕೆ, ಸಭೆಯ ಟಿಪ್ಪಣಿ ಬರೆದು ಎಲ್ಲರಿಗೂ ಕಳಿಸುವುದಕ್ಕೆ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಅವರ ಸಹ ಸಂಶೋಧಕಿಯರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬಡ್ತಿಗೆ ನೆರವಾಗದ ಇಂಥ ಕೆಲಸಗಳನ್ನು ಕುರಿತೇ ಇದೆ. ಇವುಗಳನ್ನು ವಹಿಸಿಕೊಳ್ಳುವಂತೆ ಗಂಡಸರಿಗಿಂತ ಹೆಂಗಸರನ್ನು ಹೆಚ್ಚಾಗಿ ಕೇಳುತ್ತಾರೆ, ಕೇಳಿದಾಗ ಒಪ್ಪಿಕೊಳ್ಳುವುದೂ ಹೆಂಗಸರೇ ಹೆಚ್ಚು ಎಂದು ಅವರು ತೋರಿಸಿದರು. ಬೇರೆ ಕಚೇರಿಗಳಲ್ಲಿ ಇದು ಮುಖ್ಯ ಕೆಲಸದ ಅಂಚಿನಲ್ಲಿರುವ ಕೆಲಸ. ಸಂಬಂಧ ಕಾಯುವುದನ್ನೇ ಮಾರಿ ಬದುಕುವ ನಮ್ಮ ವೃತ್ತಿಯಲ್ಲಿ ಇದೇ ಮುಖ್ಯ ಕೆಲಸ, ಆದರೂ ಲೆಕ್ಕದ ಹಾಳೆಯಲ್ಲಿ ಇದಕ್ಕೆ ಜಾಗವಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಕಿಯರ ಮತ್ತು ಸಾಲ ವಸೂಲಿ ಮಾಡುವವರ ಕೆಲಸವನ್ನು ಅಕ್ಕಪಕ್ಕ ಇಟ್ಟು ನೋಡಿ, ಸಂಬಳಕ್ಕಾಗಿ ತನ್ನ ಭಾವನೆಯನ್ನೇ ಪಳಗಿಸಿಕೊಳ್ಳುವುದಕ್ಕೆ ಭಾವನಾತ್ಮಕ ದುಡಿಮೆ ಎಂದು ಹೆಸರಿಟ್ಟರು. ನಗಬೇಕಾದವರು ಹೆಚ್ಚಾಗಿ ಹೆಂಗಸರು, ಗದರಿಸಬೇಕಾದವರು ಹೆಚ್ಚಾಗಿ ಗಂಡಸರು. ಒಂದು ಕಾರ್ಯಕ್ರಮ ಮುಗಿದು ಮನೆಗೆ ಬಂದ ಮೇಲೆ ಮನೆಯವರ ಒಂದು ಪ್ರಶ್ನೆಗೂ ಉತ್ತರಿಸಲಾರದಷ್ಟು ಬರಿದಾಗಿ ಕೂತ ಸಂಜೆಗಳಿಗೆ ಆ ಹೆಸರು ಸಿಕ್ಕಿದಾಗ ನನಗೆ ದೊಡ್ಡ ಸಮಾಧಾನವಾಗಿತ್ತು. ದಣಿದದ್ದು ಕಾಲಲ್ಲ ಎಂದು ನನಗೆ ಗೊತ್ತಿತ್ತು, ದಣಿದದ್ದೇನು ಎಂದು ಹೇಳಲು ಅಲ್ಲಿಯವರೆಗೆ ಮಾತಿರಲಿಲ್ಲ.

ಈ ಏರ್ಪಾಟು ಇಂದು ನಿನ್ನೆಯದಲ್ಲ. ಆಧುನಿಕ ಸಾರ್ವಜನಿಕ ಸಂಪರ್ಕದ ಚರಿತ್ರೆ ಹೇಳುವಾಗಲೆಲ್ಲ ಎಡ್ವರ್ಡ್ ಬರ್ನೇಸ್ ಅವರ ಹೆಸರು ಬರುತ್ತದೆ. ಡೋರಿಸ್ ಫ್ಲೈಷ್‌ಮನ್ ಅವರ ಹೆಸರು ಬರುವುದು ಅಪರೂಪ. ಪತ್ರಕರ್ತೆಯಾಗಿದ್ದ ಡೋರಿಸ್ 1919ರಲ್ಲಿ ಬರ್ನೇಸ್ ಅವರ ಕಚೇರಿಗೆ ಬರವಣಿಗೆಯ ಕೆಲಸಕ್ಕೆ ಸೇರಿದರು. 1922ರಲ್ಲಿ ಇಬ್ಬರೂ ಮದುವೆಯಾದರು, ಸಂಸ್ಥೆಯಲ್ಲಿ ಸಮಪಾಲುದಾರರೂ ಆದರು. ಮದುವೆಯ ದಿನವೇ ಹೋಟೆಲಿನ ದಾಖಲೆಯಲ್ಲಿ ತಮ್ಮ ಹುಟ್ಟುಹೆಸರನ್ನೇ ಬರೆಸಿದ, 1925ರಲ್ಲಿ ಅದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದ ಹೆಣ್ಣುಮಗಳು ಅವರು. ಅಂಥವರೂ ಕ್ಲೈಂಟ್‌ಗಳ ಎದುರು ಕೂರುವುದನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟರು. ಸಲಹೆ ಹೆಣ್ಣಿನದೆಂದು ತಿಳಿದರೆ ಕೇಳುವವರು ಸಲಹೆಯನ್ನು ತೂಗುವ ಮೊದಲು ಹೆಣ್ಣನ್ನು ತೂಗುತ್ತಾರೆ ಎಂಬ ಭಾವದ ಮಾತನ್ನು ಅವರೇ ಮುಂದೆ ಬರೆದಿದ್ದಾರೆ. ಪಾಲುದಾರಿಕೆ ಕಾಗದದ ಮೇಲೆ ಸಮ, ಕುರ್ಚಿ ಮಾತ್ರ ಒಬ್ಬರದೇ.

ಅದೇ ಸಂಸ್ಥೆಯ ಅತ್ಯಂತ ಹೆಸರುವಾಸಿಯಾದ ಪ್ರಚಾರ ನಡೆದದ್ದು 1929ರ ಮಾರ್ಚ್ 31ರಂದು, ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ. ಬೀದಿಯಲ್ಲಿ ಹೆಂಗಸರು ಸಿಗರೇಟು ಸೇದುವುದು ಸಲ್ಲದು ಎಂಬ ಕಾಲದಲ್ಲಿ, ಸಿಗರೇಟನ್ನು ಸ್ವಾತಂತ್ರ್ಯದ ಪಂಜು ಎಂದು ಕರೆದು, ಯುವತಿಯರು ಅದನ್ನು ಹಚ್ಚಿಕೊಂಡು ನಡೆಯುವಂತೆ ಬರ್ನೇಸ್ ಏರ್ಪಾಡು ಮಾಡಿದರು. ಯುವತಿಯರಿಗೆ ಆಹ್ವಾನದ ತಂತಿ ಹೋದದ್ದು ಅವರ ಕಾರ್ಯದರ್ಶಿ ಬರ್ಥಾ ಹಂಟ್ ಹೆಸರಿನಲ್ಲಿ. ಮೆರವಣಿಗೆಯಲ್ಲಿ ನಡೆದು, ಪತ್ರಕರ್ತರೊಂದಿಗೆ ಸಾಮಾನ್ಯ ಮಹಿಳೆಯಂತೆ ಮಾತನಾಡಿದವರೂ ಅವರೇ. ಹಣ ತಂಬಾಕು ಕಂಪನಿಯದು, ಯೋಜನೆ ಬರ್ನೇಸ್ ಅವರದು, ಮುಖ ಹೆಣ್ಣಿನದು. ಆ ಪ್ರಚಾರದಿಂದ ಎಷ್ಟು ಸಿಗರೇಟು ಮಾರಾಟವಾಯಿತು ಎಂಬುದಕ್ಕಿಂತ ಈ ಹಂಚಿಕೆಯೇ ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ನಾನು ಮೇಜಿನ ಬಳಿ ನಿಂತಿದ್ದ ದಿನಗಳಲ್ಲಿಯೂ ಹಂಚಿಕೆ ಹೆಚ್ಚುಕಡಿಮೆ ಹೀಗೆಯೇ ಇತ್ತು.

ಮುಂದಿನ ದಶಕಗಳಲ್ಲಿ ಹೆಂಗಸರು ಈ ವೃತ್ತಿಗೆ ದೊಡ್ಡ ಸಂಖ್ಯೆಯಲ್ಲಿ ಬಂದರು. ಅಮೆರಿಕದ ಸಾರ್ವಜನಿಕ ಸಂಪರ್ಕ ಸಂಘ ಹುಟ್ಟಿದ್ದು 1947ರಲ್ಲಿ, ಅದಕ್ಕೆ ಬೆಟ್ಸಿ ಪ್ಲ್ಯಾಂಕ್ ಮೊದಲ ಮಹಿಳಾ ಅಧ್ಯಕ್ಷೆಯಾದದ್ದು 1973ರಲ್ಲಿ. ಆದರೆ ಸಂಖ್ಯೆ ಹೆಚ್ಚಿದಷ್ಟಕ್ಕೇ ಕುರ್ಚಿಗಳು ಬದಲಾಗುವುದಿಲ್ಲ ಎಂಬುದನ್ನು 1986ರಲ್ಲಿ ವೃತ್ತಿನಿರತರ ಸಂಘವೊಂದರ ಸಂಶೋಧನಾ ಪ್ರತಿಷ್ಠಾನಕ್ಕಾಗಿ ಸಿದ್ಧವಾದ ವರದಿ ಎತ್ತಿ ತೋರಿಸಿತು. 'ವೆಲ್ವೆಟ್ ಘೆಟ್ಟೊ' ಎಂಬುದು ಅದರ ಹೆಸರು: ಗೋಡೆಗೆ ಮಖಮಲ್ಲು ಹೊದಿಸಿದ್ದರೂ ಗೋಡೆ ಗೋಡೆಯೇ ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ. ಸಂಶೋಧಕರು ಅಷ್ಟರಲ್ಲಾಗಲೇ ಈ ವೃತ್ತಿಯ ಕೆಲಸಗಳನ್ನು ಎರಡು ಬಗೆಯಾಗಿ ನೋಡುತ್ತಿದ್ದರು: ಬರೆಯುವ, ಸಂಘಟಿಸುವ, ಕಳಿಸುವ ಕುಶಲಕರ್ಮಿಯ ಪಾತ್ರ ಒಂದು, ಏನು ಹೇಳಬೇಕು, ಏಕೆ ಹೇಳಬೇಕು ಎಂದು ನಿರ್ಧರಿಸುವ ವ್ಯವಸ್ಥಾಪಕರ ಪಾತ್ರ ಇನ್ನೊಂದು. ಹೆಂಗಸರು ಮೊದಲನೆಯದರಲ್ಲಿ ತುಂಬಿಕೊಂಡಿದ್ದರು, ಸಂಬಳವೂ ಅದಕ್ಕೆ ತಕ್ಕಂತೆ ಕೆಳಗೇ ಇತ್ತು. ಇನ್ನೊಂದು ಕಡೆ, ಹೆಂಗಸರೇ ಹೆಚ್ಚಾಗಿರುವ ಉದ್ಯೋಗಗಳಿಗೆ ಬಂದ ಗಂಡಸರನ್ನು ಕುರಿತು ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲಿ ಬರೆದರು. ದಾದಿಯರು, ಶಿಕ್ಷಕರು, ಗ್ರಂಥಪಾಲಕರು, ಸಮಾಜ ಕಾರ್ಯಕರ್ತರ ನಡುವೆ ಇರುವ ಗಂಡಸರನ್ನು, ಅವರು ಬಯಸದಿದ್ದರೂ, ಮೇಲಿನ ಹುದ್ದೆಗಳ ಕಡೆಗೆ ತಳ್ಳಲಾಗುತ್ತದೆ ಎಂದು ಅವರು ತೋರಿಸಿದರು. ನಮ್ಮ ವೃತ್ತಿ ಅವರ ಪಟ್ಟಿಯಲ್ಲಿ ಇರಲಿಲ್ಲ, ಆದರೆ ಒಳಗಿನ ಕೋಣೆಯಲ್ಲಿ ಕುಳಿತಿದ್ದ ಆ ಹುಡುಗನನ್ನು ನೆನೆದರೆ ನನಗೆ ಅದೇ ಕಾಣುತ್ತದೆ.

ಈಗ ಹೇಳಲು ಕಷ್ಟವಾದ ಭಾಗಕ್ಕೆ ಬರುತ್ತೇನೆ. ಕ್ಲೈಂಟ್‌ನನ್ನು ಸಂತೋಷವಾಗಿಡುವುದೇ ಕೆಲಸವಾದಾಗ, ಆ ಸಂತೋಷ ಎಲ್ಲಿಗೆ ನಿಲ್ಲಬೇಕು ಎಂದು ಯಾರು ಹೇಳಬೇಕು? ನನ್ನ ತಂಡದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬದ ಒಬ್ಬ ಹುಡುಗಿಗೆ ಕ್ಲೈಂಟ್ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ರಾತ್ರಿ ಹನ್ನೊಂದರ ಮೇಲೆ ಸಂದೇಶ ಕಳಿಸಲು ಶುರು ಮಾಡಿದರು. ಮೊದಮೊದಲು ಅವು ಮರುದಿನದ ಶೀರ್ಷಿಕೆಗಳ ಬಗ್ಗೆ ಇದ್ದವು. ಆಮೇಲೆ ಅವಳ ಫೋಟೊ ಬಗ್ಗೆ, ಆಮೇಲೆ ಅವಳು ಒಬ್ಬಳೇ ಇದ್ದಾಳೆಯೇ ಎಂಬುದರ ಬಗ್ಗೆ, ಕೊನೆಗೆ ಏಕೆ ಉತ್ತರಿಸುತ್ತಿಲ್ಲ ಎಂಬ ಗದರಿಕೆ. ಅವಳು ನನ್ನ ಮೇಜಿನ ಬಳಿ ಬಂದು, ಏನೂ ಹೇಳದೆ, ಫೋನನ್ನು ಮೇಲ್ಮುಖವಾಗಿ ಇಟ್ಟು ನಿಂತಳು. ಓದುತ್ತ ಹೋದಂತೆ ನನಗೆ ಕಂಡದ್ದು ಅವಳ ಉತ್ತರಗಳು. ಪ್ರತಿಯೊಂದರಲ್ಲೂ "ಖಂಡಿತ ಸರ್", "ಧನ್ಯವಾದ ಸರ್", ಒಂದು ನಗುವಿನ ಚಿಹ್ನೆ. ಸಂಜೆಯ ಮೇಲಿನ ಕರೆಗೂ ಸೌಜನ್ಯದಿಂದ ಉತ್ತರಿಸಬೇಕು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ.

ನಾನು ಅದನ್ನು ನಮ್ಮ ಏಜೆನ್ಸಿಯ ಮುಖ್ಯಸ್ಥರ ಬಳಿಗೆ ತೆಗೆದುಕೊಂಡು ಹೋದೆ. "ಅವರು ಎಲ್ಲರ ಜೊತೆಗೂ ಹಾಗೇ ಸಲಿಗೆಯಿಂದ ಇರುತ್ತಾರೆ. ಅಕೌಂಟ್ ದೊಡ್ಡದು, ಸ್ವಲ್ಪ ಹೊಂದಿಕೊಂಡು ಹೋಗಲಿ ಬಿಡಿ" ಎಂದರು. ನಾನು ಬಿಡದೇ ಹೋದಾಗ, ಅವಳಿಗೆ ಅನುಕೂಲವಾಗಲೆಂದು ಎನ್ನುತ್ತ ಅವಳನ್ನೇ ಬೇರೆ ಅಕೌಂಟ್‌ಗೆ, ಅಂದರೆ ಬೇರೊಬ್ಬ ಕ್ಲೈಂಟ್‌ನ ಕೆಲಸಕ್ಕೆ, ಹಾಕಿದರು. ಅವಳು ವರ್ಷವಿಡೀ ಕಟ್ಟಿದ ಕೆಲಸ ಮತ್ತೊಬ್ಬರ ಹೆಸರಿಗೆ ಹೋಯಿತು. ಆ ಸಲದ ಮೌಲ್ಯಮಾಪನದಲ್ಲಿ, ಕ್ಲೈಂಟ್ ಜೊತೆಗಿನ ಸಂಬಂಧ ಸುಧಾರಿಸಿಕೊಳ್ಳಬೇಕು ಎಂಬ ಒಂದು ಸಾಲು ಅವಳ ಹೆಸರಿನ ಮುಂದೆ ಬಂತು. ಆ ಅಧಿಕಾರಿಯ ಬಗ್ಗೆ ಎಲ್ಲಿಯೂ ಒಂದು ಸಾಲಿಲ್ಲ. ಮೂರು ತಿಂಗಳಲ್ಲಿ ಅವಳು ಈ ವೃತ್ತಿಯನ್ನೇ ಬಿಟ್ಟು ಹೋದಳು, ನಾನು ಅಲ್ಲೇ ಉಳಿದೆ. ಅದನ್ನು ಇಂದಿಗೂ ಹಗುರವಾಗಿ ತೆಗೆದುಕೊಳ್ಳಲು ನನ್ನಿಂದ ಆಗಿಲ್ಲ.

ಆ ದಿನಗಳಲ್ಲಿ ನನ್ನ ಕೈಯಲ್ಲಿ ಇಲ್ಲದಿದ್ದದ್ದು ಒಂದು ಆಧಾರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರ ಜೂನ್‌ನಲ್ಲಿ ಅಂಗೀಕರಿಸಿ, 2021ರ ಜೂನ್ 25ರಿಂದ ಜಾರಿಗೆ ಬಂದ 190ನೇ ಒಡಂಬಡಿಕೆಯನ್ನು ಓದಿದಾಗ, ಅದನ್ನು ನಮ್ಮ ವೃತ್ತಿಯವರನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆದಂತಿದೆ ಅನ್ನಿಸಿತು. ದುಡಿಮೆಯ ಲೋಕದಲ್ಲಿ ನಡೆಯುವ ಹಿಂಸೆ ಮತ್ತು ಕಿರುಕುಳವನ್ನು ಕುರಿತ ಈ ಒಡಂಬಡಿಕೆಯ ದೃಷ್ಟಿಯಲ್ಲಿ ಕೆಲಸದ ಜಾಗವೆಂದರೆ ಕಚೇರಿಯ ನಾಲ್ಕು ಗೋಡೆಯಷ್ಟೇ ಅಲ್ಲ. ಕೆಲಸಕ್ಕಾಗಿ ಹೋಗುವ ಪ್ರಯಾಣ, ಕಾರ್ಯಕ್ರಮಗಳು, ಔತಣಕೂಟದಂಥ ಸಂದರ್ಭಗಳು, ಫೋನು ಮತ್ತು ಸಂದೇಶಗಳ ಮೂಲಕ ನಡೆಯುವ ವ್ಯವಹಾರ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಕಿರುಕುಳ ಕೊಡುವವರು ಮೂರನೆಯವರಾಗಿದ್ದರೆ, ಅಂದರೆ ಕ್ಲೈಂಟ್‌ನಂಥ ಹೊರಗಿನವರಾಗಿದ್ದರೆ, ಅದನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎನ್ನುತ್ತದೆ. ಅದನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಅದು ಬದ್ಧತೆ, ನಿಜ. ಆದರೆ ಒಂದು ಏಜೆನ್ಸಿ ತನ್ನ ನಿಯಮಗಳಲ್ಲಿ ಆ ಎರಡು ಮಾತುಗಳನ್ನು ಬರೆದುಕೊಳ್ಳುವುದಕ್ಕೆ ಯಾವ ಸರ್ಕಾರದ ಅನುಮೋದನೆಯೂ ಬೇಕಾಗಿಲ್ಲ.

ಹೊತ್ತಿನ ವಿಷಯಕ್ಕೂ ಒಂದು ಮಾತು. ಬಿಕ್ಕಟ್ಟು ಹೇಳಿ ಬರುವುದಿಲ್ಲ, ಕ್ಲೈಂಟ್ ಕರೆದಾಗ ಇರಲೇಬೇಕು ಎಂಬುದನ್ನು ನಾವು ಪ್ರಕೃತಿ ನಿಯಮದಂತೆ ಒಪ್ಪಿಕೊಂಡಿದ್ದೇವೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಇಂಥ ಕೆಲಸಗಳನ್ನು ದುರಾಸೆಯ ಕೆಲಸಗಳು ಎನ್ನುತ್ತಾರೆ: ಯಾವಾಗ ಕರೆದರೂ ಸಿಗುವವರಿಗೆ ಅವು ಲೆಕ್ಕಕ್ಕಿಂತ ಹೆಚ್ಚು ಕೊಡುತ್ತವೆ, ಮಗು ಹುಟ್ಟಿದ ಮೇಲೆ ತಾಯಿ ತಂದೆಯರ ಗಳಿಕೆ ದೂರ ಸರಿಯುವುದು ಅಲ್ಲಿಯೇ. ನಮ್ಮಲ್ಲಿ ಮಗುವಾದ ಮೇಲೆ ಹಿಂದಿರುಗಿದ ಹೆಂಗಸರನ್ನು ಕರುಣೆಯಿಂದಲೇ ಸಣ್ಣ ಅಕೌಂಟ್‌ಗಳಿಗೆ ಹಾಕುತ್ತಿದ್ದರು. ತಂದೆಯಾದವರನ್ನು ಹಾಗೆ ಹಾಕಿದ್ದನ್ನು ನಾನು ನೋಡಿಲ್ಲ. ರಜೆ ಕೇಳಿದ ಒಬ್ಬ ತಂದೆಗೆ, ಮನೆಯಲ್ಲಿ ಹೆಂಡತಿ ಇದ್ದಾರಲ್ಲ ಎಂದು ಉತ್ತರ ಬಂದದ್ದನ್ನು ಮಾತ್ರ ಕೇಳಿದ್ದೇನೆ. ಈ ಏರ್ಪಾಟಿನಲ್ಲಿ ಅವರಿಗೂ ನಷ್ಟವಿದೆ.

ನಾನೇ ತಂಡವನ್ನು ನಡೆಸುವ ಹೊತ್ತಿಗೆ ಇವೆಲ್ಲ ನನಗೆ ಅರ್ಥವಾಗಿವೆ ಎಂದುಕೊಂಡಿದ್ದೆ. ಒಂದು ಪತ್ರಿಕಾಗೋಷ್ಠಿಯ ಹಿಂದಿನ ದಿನ ಯಾರ್‍ಯಾರಿಗೆ ಯಾವ ಕೆಲಸ ಎಂದು ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದೆ. ತಂಡದ ಕಿರಿಯ ಸಹೋದ್ಯೋಗಿಯೊಬ್ಬಳು ಅದನ್ನು ಹಿಡಿದುಕೊಂಡು ಬಂದು, "ಮೇಡಂ, ಸ್ವಾಗತದ ಮೇಜಿಗೆ ನಾವು ಮೂವರನ್ನು ಹಾಕಿದ್ದೀರಿ. ಏನು ನೋಡಿ ಹಾಕಿದಿರಿ?" ಎಂದು ಕೇಳಿದಳು. ಆ ದನಿಯಲ್ಲಿ ತಿರಸ್ಕಾರವಿರಲಿಲ್ಲ, ಅವಳಿಗೆ ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. "ವರದಿಗಾರರೆಲ್ಲ ನಿನಗೆ ಪರಿಚಯವಲ್ಲವೇನಮ್ಮ, ನಿನ್ನಷ್ಟು ಚೆನ್ನಾಗಿ ಯಾರು ಮಾತನಾಡಿಸುತ್ತಾರೆ" ಎಂದೆ. ಹೇಳುತ್ತಿರುವಾಗಲೇ ಆ ವಾಕ್ಯ ಎಲ್ಲಿಂದ ಬಂತೆಂದು ನನಗೆ ತಿಳಿಯಿತು. "ಅವರನ್ನೆಲ್ಲ ಬಲ್ಲವರು ಒಳಗೆ ಇರಬೇಕಲ್ಲವೇ ಮೇಡಂ?" ಎಂದಳು. ಮೂರು ಹೆಸರುಗಳೂ ಹೆಣ್ಣಿನವೇ ಎಂಬುದು ಪಟ್ಟಿ ಮಾಡುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹದಿನೈದು ವರ್ಷ ಅದೇ ಮೇಜಿನಿಂದ ನೋವುಂಡವಳ ಕೈಯೇ ಆ ಪಟ್ಟಿಯನ್ನು ಬರೆದಿತ್ತು.

ಪಟ್ಟಿಯನ್ನು ಬದಲಾಯಿಸಿದೆ. ಮೊದಲ ಸಲ ಮೇಜಿನ ಬಳಿ ನಿಂತ ಹುಡುಗರು ಬ್ಯಾಡ್ಜ್ ಕೊಟ್ಟರು, ಫೋಲ್ಡರ್ ಕೊಟ್ಟರು, ಒಳಗೆ ಒಂದು ಚೀಟಿಯೂ ಬರಲಿಲ್ಲ. ಅದು ಅವರ ಹುಟ್ಟುಗುಣದ ದೋಷವಾಗಿರಲಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮೇಲೆ ನಾವು ಕೂತು, ಮೇಜಿನ ಬಳಿ ಏನನ್ನು ಕೇಳಿಸಿಕೊಳ್ಳಬೇಕು, ಯಾವ ಮೌನವನ್ನು ಗಮನಿಸಬೇಕು, ಚೀಟಿಯಲ್ಲಿ ಎಷ್ಟು ಬರೆಯಬೇಕು ಎಂದು ಎರಡು ಪುಟದ ಟಿಪ್ಪಣಿ ಬರೆದೆವು. ಬರೆಯುವಾಗ ಆ ಮೂವರು ಹೆಣ್ಣುಮಕ್ಕಳಿಗೇ ಆಶ್ಚರ್ಯವಾಯಿತು, ತಮಗೆ ಇಷ್ಟೆಲ್ಲ ಗೊತ್ತಿದೆ ಎಂದು ಅವರಿಗೂ ತಿಳಿದಿರಲಿಲ್ಲ. ಟಿಪ್ಪಣಿಯ ಕೊನೆಯಲ್ಲಿ ಮೂವರ ಹೆಸರು ಹಾಕಿದೆವು. ಟೈಮ್‌ಶೀಟ್‌ಗೆ ಮಾಧ್ಯಮ ಸಂಬಂಧದ ನಿರ್ವಹಣೆ ಎಂಬ ಹೊಸ ಕೋಡ್ ಸೇರಿಸಬೇಕೆಂದು ಲೆಕ್ಕ ವಿಭಾಗದೊಂದಿಗೆ ವಾದ ಮಾಡಿ ಸೇರಿಸಿದೆ. ಸಭೆಯ ಟಿಪ್ಪಣಿ ಬರೆಯುವುದು ಸರದಿಯ ಮೇಲೆ ಬರುವಂತಾಯಿತು. ಇದಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ, ಒಂದು ಸಂಜೆಯಲ್ಲಿ ಮುಗಿಯಿತು. ಕ್ಲೈಂಟ್ ಒಪ್ಪಂದದಲ್ಲಿ ಎರಡು ಕಲಮುಗಳನ್ನು ಸೇರಿಸುವುದು ಅಷ್ಟು ಸುಲಭವಾಗಿರಲಿಲ್ಲ: ಕೆಲಸದ ಹೊತ್ತಿನ ಆಚೆಗಿನ ಸಂಪರ್ಕವೆಲ್ಲ ತಂಡದ ಸಾಮಾನ್ಯ ಸಂಖ್ಯೆಗೆ ಮಾತ್ರ, ಕಿರುಕುಳದ ದೂರು ಬಂದರೆ ಬದಲಾಗಬೇಕಾದವರು ಕ್ಲೈಂಟ್ ಕಡೆಯ ವ್ಯಕ್ತಿ. ಎರಡನೆಯದನ್ನು ತೆಗೆದುಹಾಕಿ ಎಂದು ಒಂದು ಸಂಸ್ಥೆ ಕೇಳಿತು, ನಾವು ತೆಗೆಯಲಿಲ್ಲ, ಆ ಕೆಲಸ ನಮಗೆ ಸಿಗಲಿಲ್ಲ. ಮಾಲೀಕರ ಎದುರು ಕೂತು ಆ ನಷ್ಟವನ್ನು ವಿವರಿಸಿದ ಮಧ್ಯಾಹ್ನ ಸುಖಕರವಾಗಿರಲಿಲ್ಲ. ಆದರೆ ಬಿಟ್ಟುಹೋದ ಹುಡುಗಿಯೊಬ್ಬಳ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಿ, ಕಲಿಸಿ, ಅವರು ಸಂಬಂಧಗಳನ್ನು ಮತ್ತೆ ಮೊದಲಿನಿಂದ ಕಟ್ಟುವವರೆಗೆ ಆಗುವ ನಷ್ಟವನ್ನೂ ಅದೇ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಆ ಕಾಗದವನ್ನು ಬಹಳ ಹೊತ್ತು ನೋಡಿದರು, ಕಲಮು ಉಳಿಯಿತು.

ಕಳೆದ ತಿಂಗಳ ಪತ್ರಿಕಾಗೋಷ್ಠಿಯಲ್ಲಿ, ನನ್ನನ್ನು ಪ್ರಶ್ನಿಸಿದ್ದ ಆ ಸಹೋದ್ಯೋಗಿ ಒಳಗಿನ ಕೋಣೆಯಲ್ಲಿದ್ದಳು. ಹೊರಗಿನ ಮೇಜಿನಿಂದ ಒಂದು ಚೀಟಿ ಬಂತು, ಹುಡುಗನೊಬ್ಬನ ಅಂಕುಡೊಂಕು ಅಕ್ಷರದಲ್ಲಿ. ಅವಳು ಅದನ್ನು ಓದಿ, ತಾನು ಬರೆದಿದ್ದ ಪಟ್ಟಿಯ ಐದನೇ ಪ್ರಶ್ನೆಯನ್ನು ಮೇಲಕ್ಕೆ ಎಳೆದು, ಅದರ ಉತ್ತರದಲ್ಲಿ ಒಂದು ಸಾಲು ಹೊಡೆದುಹಾಕಿ, "ಸರ್, ಇದೇ ಮೊದಲು ಬರುತ್ತದೆ, ಈ ಸಾಲು ಬೇಡ" ಎಂದಳು. ಕ್ಲೈಂಟ್ ಸಂಸ್ಥೆಯ ಮುಖ್ಯಸ್ಥರು ಅವಳ ಮಾತು ಮುಗಿಯುತ್ತಲೇ ಕೋಣೆಯಲ್ಲಿದ್ದ ನಮ್ಮ ಹಿರಿಯ ಪುರುಷ ಸಹೋದ್ಯೋಗಿಯ ಕಡೆ ತಿರುಗಿ, "ಏನು ಮಾಡೋಣ?" ಎಂದರು. ಅವರು ಏನೂ ಹೇಳದೆ ಅವಳ ಕಡೆಗೆ ಕೈ ತೋರಿಸಿದರು.